ಕಾಕು ಹೊಲಿದ ದಾಳಿಂಬೆ

ಮೊನ್ನೆ ಇಸ್ಸಾಕ್ವಾದ ಶನಿವಾರದ ಸಂತೆಯಲ್ಲಿ ಯಾರೋ ಜೇನುಮೇಣದ ಉಂಡೆ ಮಾರುತ್ತಿದ್ದರು. ಒಂದನ್ನೆತ್ತಿ ಮೂಸಿದೆ. ಕಾಕು ನೆನಪಾದರು… ದಾರ ಸಿಕ್ಕಾಗದಿರಲೆಂದು ಅವರು ಅದನ್ನು ಮೊದಲು ಇಂಥದೇ ಮೇಣದ ಮೇಲೆ ಎಳೆಯುತ್ತಿದ್ದರು.

ಈ ಪರದೇಶಕ್ಕೆ ಬಂದ ಹೊಸತು, ಆಗ ನಾವು ಈಸ್ಟ್‌ಗೇಟ್ ಎಂಬ ಬಡಾವಣೆಯಲ್ಲಿದ್ದೆವು. ಪಕ್ಕದ ಮನೆಯ ಕಾಕು ಧಾರವಾಡದವರು. ಮೈಸೂರಿನವಳಾದ ನನಗೆ ಚಿಕ್ಕಮ್ಮನನ್ನು ‘ಕಾಕು’ ಅನ್ನುವುದನ್ನು ಕಲಿಸಿದವರೂ ಅವರೇ. ಮುನ್ನೂರು ವರ್ಷಗಳಿಗೂ ಹಿಂದೆ ಇಂಗ್ಲೆಂಡಿನ ಹೆಣ್ಣುಮಕ್ಕಳು ಪೆಟ್ಟಿಗೆಗಳ ಮೇಲೆ ಹಾಕುತ್ತಿದ್ದ ಉಬ್ಬು ಕಸೂತಿಯನ್ನು ಅವರು ಇಲ್ಲಿಯ ತರಗತಿಯೊಂದರಲ್ಲಿ ಕಲಿತಿದ್ದರು. ಹಣ್ಣಿನೊಳಗೆ ಉಣ್ಣೆ ತುಂಬುವುದು. ಎಲೆಯ ಅಂಚಿಗೆ ತಂತಿಯಿಟ್ಟು ಹೊಲಿದು, ಕತ್ತರಿಸಿ, ಬುಡವನ್ನಷ್ಟೇ ಬಟ್ಟೆಗೆ ಸೇರಿಸುವುದು. ಎಲೆ ನಿಜಕ್ಕೂ ಎದ್ದು ನಿಲ್ಲುತ್ತಿತ್ತು. ಗುರುವಾರ ಮಧ್ಯಾಹ್ನಗಳಲ್ಲಿ ನನಗೂ ಹೇಳಿಕೊಟ್ಟರು.

ನಾನು ಕಲಿಯತೊಡಗಿದ ಮೂರನೆಯ ವರ್ಷ ಅವರ ಕೈ ನಡುಗತೊಡಗಿತು. ಇದು ಹೆಚ್ಚುತ್ತಲೇ ಹೋಗುತ್ತದೆ ಎಂದು ಡಾಕ್ಟರು ಹೇಳಿದ್ದರಂತೆ. ಟೋಟೆಮ್ ಲೇಕ್‌ನಲ್ಲಿದ್ದ ಮಗಳಿಗೆಂದು ಬಿರಿದ ದಾಳಿಂಬೆಯೊಂದನ್ನು ಶುರುಮಾಡಿದ್ದರು. ಹಣ್ಣನ್ನು ಹೇಗೋ ಮುಗಿಸಿದರು, ಆರು ತಿಂಗಳು ಹಿಡಿಯಿತು. ತಂತಿಯ ಎಲೆಗಳು ಮಾತ್ರ ಆಗಲಿಲ್ಲ. ಚೌಕಟ್ಟನ್ನು ನನ್ನ ಕೈಗಿಟ್ಟರು.

“ಬರೇ ಎಲಿ ಹಚ್ಚಿ ಕೊಡವಾ. ಹಣ್ಣು ನಂದ ಇರ್ಲಿ.”

ಮನೆಗೆ ತಂದು ನೋಡಿದರೆ ಹಣ್ಣಿನ ಹೊಲಿಗೆಗಳು ಅಡ್ಡಾದಿಡ್ಡಿ. ಒಂದೆಡೆ ಉಣ್ಣೆ ಇಣುಕುತ್ತಿತ್ತು. ಮಗಳೆದುರು ಕಾಕುಗೆ ಮುಜುಗರವಾದೀತು ಅಂದುಕೊಂಡೆ. ಅದೇ ಕಾರಣವೋ, ನನ್ನ ಕೈಚಳಕ ತೋರಿಸುವ ಆಸೆಯೋ… ಒಂದು ಎಳೆ ಬಿಚ್ಚಿದೆ. ಪಕ್ಕದ್ದು ಸಡಿಲವಾಯಿತು. ಎರಡು ದಿನದಲ್ಲಿ ಪೂರ್ತಿ ಬಿಚ್ಚಿ, ಹೊಸದಾಗಿ ಹೊಲಿದಿದ್ದೆ.

ಕಾಕು ಅದನ್ನು ಕಿಟಕಿಯ ಬಳಿ ಒಯ್ದು ನೋಡಿದರು. ಹಣ್ಣಿನ ಮೇಲೆಲ್ಲ ಬೆರಳಾಡಿಸಿದರು.

“ಇದರಾಗ ನಂದು ಎಲ್ಲೇದ?”

“ಸ್ವಲ್ಪ ಸರಿ ಮಾಡ್ದೆ, ಕಾಕು,” ಎಂದೆ.

ಅವರು ಬೈಯಲಿಲ್ಲ. ಚಹಾ ಮಾಡಿ ಕೊಟ್ಟರು. ಮುಂದಿನ ಗುರುವಾರ ಹೋದಾಗ ಸೂಜಿ, ದಾರ, ತಂತಿಗಳನ್ನೆಲ್ಲ ಯಾರಿಗೋ ಕೊಟ್ಟುಬಿಟ್ಟಿದ್ದರು. ತಪ್ಪಾಯಿತು ಅನ್ನಬೇಕೆಂದು ಎಷ್ಟೋ ಸಲ ಅವರ ಬಾಗಿಲವರೆಗೆ ಹೋಗಿ ಬಂದೆ… ಅಷ್ಟರಲ್ಲಿ ನಾವು ಮನೆ ಬದಲಿಸಿದೆವು.

ಕಳೆದ ಚಳಿಗಾಲದಲ್ಲಿ ಕಾಕು ತೀರಿಕೊಂಡರೆಂದು ಕೇಳಿದ್ದೆ. ಮಗಳೊಡನೆ ಮಾತಾಡುವ ಧೈರ್ಯವಾಗಿರಲಿಲ್ಲ. ಮೊನ್ನೆ ಫೋನ್ ಮಾಡಿದೆ. ಕೊನೆಕೊನೆಗೆ ಅಮ್ಮನಿಗೆ ತುತ್ತು ಎತ್ತುವುದೂ ಆಗುತ್ತಿರಲಿಲ್ಲ ಎಂದರು. ದಾಳಿಂಬೆಯನ್ನು ತಮ್ಮ ಮಂಚದ ಪಕ್ಕದ ಗೋಡೆಗೆ ಹಾಕಿಕೊಂಡಿದ್ದಾರಂತೆ.

“ದಿನಾ ಮುಟ್ಟಿ ನೋಡ್ತೀನ್ರಿ. ಆ ನಡುಗೋ ಕೈಲೆ ಎಷ್ಟ್ ನೀಟಾಗಿ ಹೊಲದಾಳ ನಮ್ಮಮ್ಮ.”

ಅವರಮ್ಮನ ಹೊಲಿಗೆಗಳನ್ನು ಬಿಚ್ಚಿ ಕಸಕ್ಕೆ ಹಾಕಿದವಳು ನಾನು ಎನ್ನಲು ಬಾಯಿ ತೆರೆದೆ. ಹೌದು, ಬಹಳ ಚೆನ್ನಾಗಿದೆ ಎಂದೆ.