ಇಸೋಲೀನಾ ಸಾಕಿದ ಯೀಸ್ಟ್

ಇಸೋಲೀನಾ ನಮ್ಮ ಸಕ್ಕರೆ ಕಾರ್ಖಾನೆಗೆ ಸೇರಿದ್ದು ನೆಲ ಒರೆಸುವ ಕೆಲಸಕ್ಕೆ. ಅದು 1979. ಪೆಟ್ರೋಲು ಕೈಗೆಟುಕದಷ್ಟು ತುಟ್ಟಿಯಾಗಿ, ಬ್ರೆಜಿಲಿನ ಕಾರುಗಳು ಇನ್ನು ಕಬ್ಬಿನ ಆಲ್ಕೋಹಾಲಿನಲ್ಲೇ ಓಡಲಿ ಎಂದು ಸರ್ಕಾರ ಹಟ ತೊಟ್ಟಿತ್ತು. ಪಿರಾಸಿಕಾಬಾ ಸೀಮೆಯ ನಮ್ಮ ಕಾರ್ಖಾನೆಯಲ್ಲೂ ಎಂಟು ಹೊಸ ತೊಟ್ಟಿಗಳು ಎದ್ದವು. ಕಬ್ಬಿನ ಹಾಲು ಅವುಗಳಲ್ಲಿ ಹುದುಗು ಬರಬೇಕು, ಆಮೇಲೆ ಭಟ್ಟಿ. ನಾನು ಲ್ಯಾಬಿನಲ್ಲಿ ಗಾಜಿನ ಸಾಮಾನು ತೊಳೆಯುತ್ತಿದ್ದೆ. ಇಸೋಲೀನಾ ನನಗಿಂತ ಹತ್ತು ವರ್ಷ ದೊಡ್ಡವಳು.

ಪಟ್ಟಣದಿಂದ ಬಂದ ಕೆಮಿಸ್ಟ್ ಎವಾಲ್ದೊನನ್ನು ಎಲ್ಲರೂ ಡಾಕ್ಟರ್ ಎನ್ನುತ್ತಿದ್ದರು. ಅವನು ತೊಟ್ಟಿಗಳಿಗೆ ಚೀಲಗಟ್ಟಲೆ ಬ್ರೆಡ್ಡಿನ ಯೀಸ್ಟ್ ಸುರಿಸಿದ. ನೊರೆಯೆಲ್ಲ ಕಾದ ಹಾಲಿನಂತೆ ಉಕ್ಕಿ ನೆಲಕ್ಕಿಳಿಯುತ್ತಿತ್ತು. ಒರೆಸಿ ಒರೆಸಿ ಇಸೋಲೀನಾಳ ಸೊಂಟ ಬಿದ್ದುಹೋಯಿತು. ಒಂದು ದಿನ ಅವಳು ಬಕೆಟ್ಟು ಹಿಡಿದೇ ಲ್ಯಾಬಿಗೆ ಬಂದಳು.

"ಡಾಕ್ಟ್ರೇ, ಎರಡನೇ ತೊಟ್ಟೀಲಿರೋದು ನಿಮ್ಮ ಚೀಲದ ಯೀಸ್ಟ್ ಅಲ್ಲ."

"ಮತ್ತೆ ಯಾರ್ದು ದೋನಾ ಇಸೋಲೀನಾ, ನಿಮ್ದಾ?" ಹೆಂಗಸರನ್ನು ಮರ್ಯಾದೆಗೆ ದೋನಾ ಎನ್ನುವುದು ನಮ್ಮ ರೂಢಿ.

"ಕಬ್ಬಿನ ಜತೆ ಹೊಲದಿಂದ ಬಂದಿರೋದು. ನಿಮ್ದು ಬ್ರೆಡ್ ವಾಸನೆ, ಇದು ಮಾಗಿದ ಸೀಬೆಹಣ್ಣಿನ ವಾಸನೆ. ನಮ್ಮಪ್ಪನ ಸಾರಾಯಿ ಪೀಪಾಯೀಲಿ ಹಿಂಗೇ ಬರ್ತಿತ್ತು. ನಿಮ್ದು ಉಕ್ತದೆ, ಇದು ಉಕ್ಕಲ್ಲ. ಒರೆಸೋಳು ನಾನು, ನಂಗೊತ್ತಿಲ್ವಾ?"

ಎವಾಲ್ದೊ ನಕ್ಕ. ಆದರೂ ಒಂದು ಹನಿ ತಂದು ಸೂಕ್ಷ್ಮದರ್ಶಕದ ಕೆಳಗಿಟ್ಟು ನೋಡಿದ. ಚೀಲದ ಯೀಸ್ಟ್ ಸತ್ತು, ಹೊಲದ್ದು ತೊಟ್ಟಿಯನ್ನು ಆಳುತ್ತಿತ್ತು.

ಡಿಸೆಂಬರಿನಲ್ಲಿ ಹಂಗಾಮು ಮುಗಿದು, ತೊಟ್ಟಿಗಳನ್ನು ಖಾಲಿ ಮಾಡುವ ಹೊತ್ತಿಗೆ ಎವಾಲ್ದೊ ಆ ಹೊಲದ ಯೀಸ್ಟನ್ನು ಮುಂದಿನ ಹಂಗಾಮಿಗೆಂದು ನಾಲ್ಕು ಬಾಟಲಿಗಳಲ್ಲಿ ತುಂಬಿ ಲ್ಯಾಬಿನ ಫ್ರಿಜ್ಜಿನಲ್ಲಿಟ್ಟ. ಇಸೋಲೀನಾಳಿಗೆ ಫ್ರಿಜ್ಜಿನ ಮೇಲೆ ನಂಬಿಕೆಯಿರಲಿಲ್ಲ. ಅವನನ್ನು ಕೇಳಿಯೇ ಅದೇ ಯೀಸ್ಟಿನ ಒಂದು ಕ್ಯಾನು ಮನೆಗೊಯ್ದಳು. ದಿನ ಬಿಟ್ಟು ದಿನ ಹಿತ್ತಲ ಕಬ್ಬು ಹಿಂಡಿ, ಚಿಟಿಕೆ ಜೋಳದ ಹಿಟ್ಟು ಬೆರೆಸಿ ಅದಕ್ಕೆ ಉಣಿಸುತ್ತಿದ್ದಳು.

"ನಂಗೆ ಕಾಫಿ ಕೊಡೋದು ಮರೀತೀಯ, ಅದಕ್ಕೆ ಮಾತ್ರ ಹೊತ್ತಿಗೆ ಸರಿಯಾಗಿ ಊಟ!" ಎಂದು ಗಂಡ ಅರ್ಲಿಂದೊ ಗೊಣಗುತ್ತಿದ್ದ.

"ಅದು ಗೊಣಗಲ್ವಲ್ಲ, ಅದಕ್ಕೇ."

ಏಪ್ರಿಲಿನಲ್ಲಿ ಹೊಸ ಹಂಗಾಮು ಶುರುವಾಗುವಾಗ ಎವಾಲ್ದೊ ಬಾಟಲಿ ತೆರೆದರೆ ಗಬ್ಬು ನಾತ. ನಾಲ್ಕೂ ಕೆಟ್ಟಿದ್ದವು. ಅವನು ಕುರ್ಚಿಯ ಮೇಲೆ ಕುಸಿದು ಕೂತ. ಜನವರಿಯಲ್ಲಿ ಫ್ರಿಜ್ ತೊಳೆಯಲೆಂದು ಪ್ಲಗ್ ಕಿತ್ತವಳು ನಾನು. ಮತ್ತೆ ಹಾಕಲು ಮರೆತಿದ್ದೆ. ಸಂಜೆ ಇಸೋಲೀನಾಳ ಅಡಿಗೆಮನೆಯಲ್ಲಿ ನಿಂತು ಅತ್ತುಬಿಟ್ಟೆ.

"ಅಳ್ಬೇಡ ಕಣೇ. ಮೊದಲು ಮೂಗು ಒರೆಸ್ಕೋ, ಈ ಕ್ಯಾನ್ ಒಳಗೆ ಬಿದ್ದೀತು," ಎಂದಳು. ಅಳುತ್ತಲೇ ನಗು ಬಂತು.

ಮರುದಿನ ಅವಳು ಕ್ಯಾನನ್ನು ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ಬಂದಳು. ನಾನು ತಪ್ಪೊಪ್ಪಿಕೊಂಡೆ. ಎವಾಲ್ದೊ ಕೆಂಡವಾಗುವಷ್ಟರಲ್ಲಿ ಅವಳು ನಡುವೆ ಬಂದು, "ಬಯ್ಯೋದು ಆಮೇಲಿರಲಿ ಡಾಕ್ಟ್ರೇ, ಇದಕ್ಕೆ ಹಸಿವಾಗಿದೆ," ಎಂದಳು.

ಕ್ಯಾನಿನದು ಬಕೆಟ್ಟಿಗೆ, ಬಕೆಟ್ಟಿನದು ಪೀಪಾಯಿಗೆ, ಪೀಪಾಯಿಯದು ತೊಟ್ಟಿಗೆ. "ಅಡಿಗೆಮನೆ ಎಂಜಲು ಈಗ ಕಾರಿಗೂ ಹಾಕ್ತಾರಂತೆ!" ಎಂದು ಮೇಸ್ತ್ರಿ ತಿಬುರ್ಸಿಯೊ ಎಲ್ಲರ ಮುಂದೆ ಆಡಿಕೊಂಡ. ಹನ್ನೆರಡನೇ ದಿನ ತೊಟ್ಟಿ ತುಂಬಿ ಗುಳುಗುಳು ಎನ್ನುತ್ತಿತ್ತು, ನೆಲಕ್ಕೆ ಒಂದು ಹನಿ ನೊರೆ ಬಿದ್ದಿರಲಿಲ್ಲ. ಜೂನ್ ಕಳೆಯುವಷ್ಟರಲ್ಲಿ ತಿಬುರ್ಸಿಯೊನೇ ಬಂದು, "ದೋನಾ, ಐದನೇ ತೊಟ್ಟಿಗೂ ಒಂಚೂರು ಕೊಡ್ತೀರಾ?" ಎಂದು ಕೇಳಿದ.

ಜುಲೈ ನಮ್ಮ ಕಡೆ ಚಳಿಗಾಲ. ಆ ಚಳಿಯಲ್ಲಿ ಕಾರ್ಖಾನೆಗೆ ಮೊದಲ ಆಲ್ಕೋಹಾಲ್ ಕಾರು ಬಂತು. ಇಸೋಲೀನಾಳನ್ನು ಮುಂದಿನ ಸೀಟಿನಲ್ಲಿ ಕೂರಿಸಿ ಎವಾಲ್ದೊ ಕೀಲಿ ತಿರುವಿದ. ಕಾರು ಕೆಮ್ಮಿತು, ಮಿಸುಕಲಿಲ್ಲ.

"ಕುಡಿದು ಮಲಗಿರೋನ್ನ ಚಳೀಲಿ ಎಬ್ಬಿಸೋದು ಸುಲಭಾನಾ ಡಾಕ್ಟ್ರೇ?" ಎಂದು ಅವಳು ಇಳಿದು, ನಮ್ಮೆಲ್ಲರ ಜತೆ ತಾನೂ ತಳ್ಳಿದಳು. ಗೇಟು ದಾಟುವಾಗ ಅದು ಗುರ್ರೆಂದು ಓಡಿತು. ಅವಳು ಓಡಿಹೋಗಿ ಹತ್ತಿಕೊಂಡಳು.

ಮರುವರ್ಷ ಅವಳನ್ನು ತೊಟ್ಟಿಗಳ ಉಸ್ತುವಾರಿಗೆ ಹಾಕಿದರು. ಕೈಕೆಳಗೆ ಕೆಲಸಕ್ಕೆ ಅವಳು ಮೊದಲು ಕೇಳಿದ್ದು ನನ್ನನ್ನು. "ಆ ಹುಡುಗೀನೇ ಬೇಕು. ಒಂದ್ಸಲ ಮರೆತೋಳು ಇನ್ನೊಂದ್ಸಲ ಮರೆಯಲ್ಲ," ಎಂದಳಂತೆ. ಹದಿನಾರು ಹಂಗಾಮು ಅವಳ ಜತೆ ದುಡಿದೆ. ಅವಳಷ್ಟು ಚುರುಕಾದ ಮೂಗು ಮಾತ್ರ ನನಗೆ ಕೊನೆಗೂ ಬರಲಿಲ್ಲ.