ರತ್ನತ್ತೆಯ ಅಗಲ ಗಾಲಿಗಳು

ರತ್ನತ್ತೆ ಪಿಕಪ್ ಹತ್ತುವ ಮುನ್ನ ಚಪ್ಪಲಿ ಬಿಚ್ಚಿ ಸೀಟಿನ ಹಿಂದೆ ಸಿಕ್ಕಿಸುತ್ತಿದ್ದಳು. ಯಾಕೆಂದು ಕೇಳಿದರೆ, "ಗಾಡಿಗೆ ಏನಾಗೈತೆ ಅಂತ ಮೊದ್ಲು ಪಾದಕ್ಕೆ ಗೊತ್ತಾಗೋದು ಕಣೇ" ಎನ್ನುತ್ತಿದ್ದಳು. ಸೀರೆಯ ಮೇಲೆ ಗಂಡಸರ ಷರ್ಟು ತೊಟ್ಟು, ತೋಳು ಮಡಚಿ, ಕಿಟಕಿಯ ಕಡೆಗೆ ಒಂದಿಷ್ಟು ಕಿವಿ ಕೊಟ್ಟು ಕೂರುವಳು. ಗಾಡಿಯಲ್ಲಿ ಟೇಪ್ ಇತ್ತು. ಅದನ್ನು ಅವಳು ಹಾಕಿದ್ದನ್ನು ನಾನು ನೋಡಿಯೇ ಇಲ್ಲ.

ಅತ್ತೆ ನನ್ನ ಅಪ್ಪನ ತಂಗಿ. ಗಂಡ ತೀರಿಕೊಂಡ ಮೇಲೆ ಮಾದಿಹಳ್ಳಿಯ ನಮ್ಮ ಮನೆಗೆ ಬಂದವಳು, ಟ್ರ್ಯಾಕ್ಟರಿನಲ್ಲಿ ಕಲಿತ ಡ್ರೈವಿಂಗನ್ನು ಪಿಕಪ್ಪಿಗೆ ತಂದಳು. ಗಾಡಿ ಅಪ್ಪನ ಹೆಸರಿನಲ್ಲಿತ್ತು. ತೆಂಗಿನಕಾಯಿ ಸುಲಿದುಳಿದ ಮಟ್ಟೆಯನ್ನು ಊರೂರಿನಿಂದ ತುಂಬಿಕೊಂಡು ಅರಸೀಕೆರೆ ಕಡೆಯ ನಾರಿನ ಫ್ಯಾಕ್ಟರಿಗೆ ಹಾಕುವುದು ಅವಳ ಕೆಲಸ. ಮಟ್ಟೆಗೆ ತೂಕ ಕಡಿಮೆ, ಗಾತ್ರ ಜಾಸ್ತಿ. ಆದ್ದರಿಂದ ಎಲ್ಲರೂ ಕ್ಯಾಬಿನ್ನಿಗಿಂತ ಎತ್ತರಕ್ಕೆ, ಎರಡೂ ಪಕ್ಕಕ್ಕೆ ಉಬ್ಬುವಂತೆ ಪೇರಿಸಿ ಹಗ್ಗ ಬಿಗಿಯುತ್ತಾರೆ. ದೂರದಿಂದ ಹುಲ್ಲಿನ ಬಣವೆಯೇ ನಡೆದು ಬರುತ್ತಿರುವಂತೆ ಕಾಣುತ್ತದೆ.

ಒಂದು ಸಲ ಹಳೇಬೀಡಿನ ಕೆರೆ ಏರಿಯ ತಿರುವಿನಲ್ಲಿ ಬಣವೆ ಒಂದು ಕಡೆಗೆ ವಾಲಿ, ಗಾಡಿಯನ್ನೂ ಎಳೆದುಕೊಂಡು ಮಗ್ಗುಲಿಗೆ ಬಿತ್ತು. ಅತ್ತೆಗೆ ಮೊಣಕೈ ತರಚಿದ್ದು ಬಿಟ್ಟರೆ ಏನೂ ಆಗಲಿಲ್ಲ. ಅಪ್ಪ ಜಗಲಿಯಲ್ಲಿ ಕೂತು ಒಂದೇ ಮಾತು ಹೇಳಿದರು: "ಇನ್ನೊಂದು ಸಲ ಹಿಂಗಾದ್ರೆ ಗಾಡಿ ಮಾರ್ತೀನಿ ರತ್ನ."

ಅತ್ತೆ ಲೋಡು ತಗ್ಗಿಸಬಹುದಿತ್ತು. ತಗ್ಗಿಸಿದರೆ ಡೀಸೆಲ್‌ಗೂ ಗಿಟ್ಟುವುದಿಲ್ಲ ಎಂದಳು. ಬದಲಿಗೆ ಅರಸೀಕೆರೆಯಲ್ಲಿ ಹಿಂದಿನ ಗಾಲಿಗಳಿಗೆ ಸ್ಪೇಸರ್ ಹಾಕಿಸಿದಳು. ಗಾಲಿಗೂ ಅದು ಕೂರುವ ಅಚ್ಚಿನ ತುದಿಗೂ ನಡುವೆ ಸೇರಿಸುವ ದಪ್ಪ ಬಿಲ್ಲೆ ಅದು. ಗಾಲಿಗಳು ಹೊರಗೆ ಸರಿದು ಗಾಡಿ ಅಗಲವಾಗಿ ನಿಲ್ಲುತ್ತದೆ. ಅಗಲಕ್ಕೆ ನಿಂತದ್ದು ಬೀಳುವುದಿಲ್ಲ ಎಂಬುದು ಅವಳ ಲೆಕ್ಕ.

ಮಾದಿಹಳ್ಳಿಯ ಟೀ ಅಂಗಡಿಯವನು ನೋಡಿ, "ಏನಕ್ಕಾ, ನಿನ್ ಗಾಡಿ ಕುಸ್ತಿಗೆ ನಿಂತಂಗೈತಲ್ಲ" ಎಂದ.

"ನೀನು ಮೊದ್ಲು ಟೀಗೆ ಹಾಲು ಹಾಕೋದು ಕಲಿಯಲಾ. ಆಮೇಲೆ ಗಾಡಿ ನೋಡೀವಂತೆ."

ಕೆಲವು ದಿನ ಅವಳ ಲೆಕ್ಕ ಸರಿಯಾಗಿಯೇ ಇದ್ದಂತಿತ್ತು. ತಿರುವಿನಲ್ಲಿ ಮಟ್ಟೆ ತೂಗಾಡುವುದು ಕಡಿಮೆಯಾಯಿತು. ಆಮೇಲೆ ಒಂದೊಂದೇ ಶುರುವಾಯಿತು. ಮಳೆ ಬಂದರೆ ಮಡ್‌ಗಾರ್ಡಿನಿಂದಾಚೆ ಇಣುಕುವ ಟೈರು ದಾರಿಹೋಕರಿಗೆಲ್ಲ ಕೆಸರು ಎರಚುತ್ತಿತ್ತು. ಲೋಡು ಕೂತಾಗ ಟೈರು ತಗಡಿಗೆ ಉಜ್ಜಿ ರಬ್ಬರು ಸುಟ್ಟ ವಾಸನೆ ಬರುತ್ತಿತ್ತು. ಬೇರಿಂಗ್ ಎರಡು ಸಲ ಹೋಯಿತು. ಹೋಗುವ ಮುಂಚೆ ದುಂಬಿಯಂತೆ ಗುಂಯ್‌ಗುಡುತ್ತಿತ್ತು. ಅತ್ತೆ ಕಿವಿಗೊಟ್ಟು ಕೇಳುವಳು, ತುಟಿ ಬಿಗಿಯುವಳು.

ನಾನಾಗ ಎಂ.ಎ. ಓದುತ್ತಿದ್ದೆ. ರಜೆಗೆ ರೈಲಿನಲ್ಲಿ ಬಂದು ಅರಸೀಕೆರೆಯಲ್ಲಿ ಇಳಿದರೆ, ಲೋಡು ಇಳಿಸಿದ ಅತ್ತೆ ಸ್ಟೇಷನ್ ಹೊರಗೆ ಕಾಯುತ್ತಿದ್ದಳು. ನಾನು ಹೆಚ್ಚು ಮಾತಾಡುವವಳಲ್ಲ. ಮಾತಾಡು ಎಂದು ಒತ್ತಾಯಿಸದ ಒಬ್ಬಳೇ ಹತ್ತಿರದವಳು ಅವಳು. ಜಾವಗಲ್ ದಾಟುವವರೆಗೂ ಇಬ್ಬರೂ ಸುಮ್ಮನಿರುತ್ತಿದ್ದೆವು. ಆ ಮೌನದಷ್ಟು ಹಾಯಾದದ್ದು ನನಗೆ ಇನ್ನೆಲ್ಲೂ ಸಿಕ್ಕಿಲ್ಲ.

ಅಂಥದೊಂದು ಮಧ್ಯಾಹ್ನ, ಜಾವಗಲ್ ಆದ ಮೇಲೆ, ಹಿಂದಿನಿಂದ ಏನೋ ಟಕ್ಕೆಂದು ಮುರಿಯಿತು. ಗಾಡಿಯ ಬೆನ್ನು ಅಲುಗಾಡತೊಡಗಿತು. ಅತ್ತೆ ಬ್ರೇಕ್ ತುಳಿಯದೆ, ಗೇರು ಇಳಿಸುತ್ತ, ರಾಗಿ ಹೊಲದ ಅಂಚಿಗೆ ಗಾಡಿಯನ್ನು ಮೆಲ್ಲಗೆ ಒರಗಿಸಿದಳು. ಇಳಿದು ನೋಡಿದರೆ ಗಾಲಿ ಹಿಡಿದಿದ್ದ ಬೋಲ್ಟುಗಳಲ್ಲಿ ಅರ್ಧ ತುಂಡಾಗಿದ್ದವು. ಗಾಲಿ ಸೊಟ್ಟಗೆ ಜೋತು ನಿಂತಿತ್ತು.

ಅತ್ತೆ ಬದುವಿನ ಮೇಲೆ ಕೂತಳು. "ಕಾಲು ಅಗಲಿಸಿದ್ರೆ ಬೀಳಲ್ಲ ಅಂದ್ಕೊಂಡೆ. ಭಾರ ಎಲ್ಲಾ ಬೋಲ್ಟಿನ ಕತ್ತಿನ ಮೇಲೆ ಬಿದ್ದೈತೆ ನೋಡು."

"ಅಪ್ಪಂಗೆ ಪಂಕ್ಚರ್ ಅಂದ್ರಾಯ್ತು ಅತ್ತೆ. ಸ್ಪೇಸರ್ ಬಿಚ್ಚಿಸಿಬಿಡು, ಅಷ್ಟೇ."

ಅವಳು ನನ್ನನ್ನೇ ನೋಡಿದಳು. "ಅನ್ಬೋದು. ಅಂದ್ರೆ ನಾಳೆಯಿಂದ ಕದ್ದು ಓಡಿಸ್ದಂಗೆ. ನನ್ ಕೈಲಿ ಆಗಕ್ಕಿಲ್ಲ ಮಗ."

ರಾತ್ರಿ ಊಟಕ್ಕೆ ಬಡಿಸುತ್ತಲೇ ಅಪ್ಪನಿಗೆ ಎಲ್ಲವನ್ನೂ ಹೇಳಿದಳು. ಗಾಡಿಯಲ್ಲಿ ನಾನೂ ಇದ್ದೆ ಎಂಬುದನ್ನೂ ಬಿಡಲಿಲ್ಲ. ಅದೇ ವಾರ ಬಾಣಾವರದವರೊಬ್ಬರು ಗಾಡಿ ನೋಡಲು ಬಂದರು.

ಸ್ಪೇಸರ್ ಬಿಚ್ಚಿ, ಹೊಸ ಬೋಲ್ಟು ಹಾಕಿಸಿ ಕೊಟ್ಟದ್ದಾಯಿತು. ಕೊಂಡವರ ಡ್ರೈವರಿಗೆ ನಮ್ಮ ಓಣಿಯಿಂದ ರಿವರ್ಸ್ ತೆಗೆಯಲು ಆಗಲಿಲ್ಲ. ಒಮ್ಮೆ ನಲ್ಲಿಗೆ ತಾಗಿಸಿದ, ಒಮ್ಮೆ ಗೋಡೆಗೆ. ಅತ್ತೆ ಹೋಗಿ, "ಇಳೀರಿ" ಎಂದಳು. ಚಪ್ಪಲಿ ಬಿಟ್ಟು ಹತ್ತಿ, ಒಂದೇ ಸಲಕ್ಕೆ ರಸ್ತೆಗೆ ತಂದು ನಿಲ್ಲಿಸಿದಳು. "ಎರಡನೇ ಗೇರು ಸ್ವಲ್ಪ ಗಡುಸೈತೆ, ಬಲವಂತ ಮಾಡ್ಬೇಡಿ" ಎಂದು ಹೇಳಿ ಕೀ ಕೊಟ್ಟು ಬರಿಗಾಲಲ್ಲೇ ವಾಪಸು ನಡೆದು ಬಂದಳು.

ಸುಗ್ಗಿ ಮುಗಿಯುವವರೆಗೆ ಮನೆಯಲ್ಲಿದ್ದಳು. ಆಮೇಲೆ ತಿಪಟೂರಿನಲ್ಲಿ ಯಾರದೋ ಹಾಲಿನ ಗಾಡಿ ಓಡಿಸಲು ಹೋದಳು. ಬರುತ್ತೇನೆ ಎಂದದ್ದಷ್ಟೇ, ಬಂದಿಲ್ಲ. ನಾನೀಗ ಅರಸೀಕೆರೆಯಲ್ಲಿ ಇಳಿದರೆ ಬಸ್ಸು ಹಿಡಿಯುತ್ತೇನೆ. ಎದುರಿನಿಂದ ಮಟ್ಟೆ ತುಂಬಿದ ಪಿಕಪ್ ಬಂದರೆ, ಅವಳಿರುವುದಿಲ್ಲ ಎಂದು ಗೊತ್ತಿದ್ದೂ ಸ್ಟೇರಿಂಗ್ ಹಿಡಿದವರ ಮುಖ ನೋಡುತ್ತೇನೆ.

ಈ ಸಲ ಊರಿಗೆ ಹೋದಾಗ ಅಪ್ಪ ಫೋನು ಕೈಯಲ್ಲಿ ಹಿಡಿದು ಜಗಲಿಯಲ್ಲಿ ಕೂತಿದ್ದರು.

"ರತ್ನಂಗೆ ಮಾಡಿದ್ದೆ ಕಣಮ್ಮ. ಇನ್ನೊಂದು ಪಿಕಪ್ ತಗೊಳ್ಳಾನ, ಬಾ ಅಂದೆ."

"ಅತ್ತೆ ಏನಂದ್ಲು?"

"'ಯಾರ ಹೆಸರಲ್ಲಿ ಅಣ್ಣಾ?' ಅಂದ್ಲು."

"ನೀವೇನಂದ್ರಿ?"

ಅಪ್ಪ ರಸ್ತೆಯ ಕಡೆ ನೋಡಿದರು. "ನಾನು ಸುಮ್ನಾದೆ. ಆಮೇಲೆ, 'ಹಾಲು ಕೆಡ್ತದೆ, ಹೊರಡ್ತೀನಿ ಅಣ್ಣ' ಅಂತ ಫೋನ್ ಇಟ್ಬಿಟ್ಲು."