ಮೇಜಿನ ಮೇಲೆ ಮಲಗಿದ್ದ ಮೊಸರಿನ ನಿಯಮ

೧೯೩೮ರಲ್ಲಿ ನಾನು ಧಾರವಾಡದ ಕಲೆಕ್ಟರ್ ಕಚೇರಿಯಲ್ಲಿ ಭಾಷಾಂತರಕಾರನಾಗಿದ್ದೆ. ಆ ಮಳೆಗಾಲ ಅರೆನಿದ್ರೆಯಲ್ಲಿ ಕಂಡ ಹಾಗೆಯೇ ನೆನಪಿದೆ: ಕಿಟಕಿಯಾಚೆ ಜಿಟಿಜಿಟಿ ಮಳೆ, ಮಂಜಿನಲ್ಲಿ ಕರಗಿದ ಹುಣಸೆಮರ, ತಂಪು ಹಿಡಿದ ಗೆಜೆಟ್ಟು. ಅಂಥದೊಂದು ತೂಕಡಿಕೆಯ ಮಧ್ಯಾಹ್ನ ಹೊಸ ನಿಯಮವೊಂದನ್ನು ಕನ್ನಡಕ್ಕೆ ತಂದೆ. ಹಾಲು, ಮೊಸರನ್ನು ಲೋಹದ ಪಾತ್ರೆಯಲ್ಲೇ ಮಾರಬೇಕು. ಮಣ್ಣಿನ ಗಡಿಗೆ ನಿಷಿದ್ಧ. ಅಕ್ಷರ ದುಂಡಗೆ ಬರೆದೆ, ಅರ್ಥ ಯೋಚಿಸಲಿಲ್ಲ. ಮೊಸರನ್ನ ಉಂಡೇ ಕಚೇರಿಗೆ ಬಂದಿದ್ದ ಮಹಾಶಯ ನಾನು!

ಕಾಯ್ದೆ ಮಾಡುವುದು ಆಗ ಮುಂಬಯಿ ಪ್ರಾಂತದ ಶಾಸನಸಭೆ. ಅದರಡಿಯ ನಿಯಮಗಳನ್ನು ಇಲಾಖೆಯೇ ಬರೆದು ಜಾರಿಗೆ ತಂದು, ಸಭೆಯ ಮೇಜಿನ ಮೇಲೆ ಇಡುತ್ತಿತ್ತು. ಗೊತ್ತಾದ ಅವಧಿಯೊಳಗೆ ಸದಸ್ಯರು ತಕರಾರು ಎತ್ತಿದರೆ ತಿದ್ದುಪಡಿ, ಇಲ್ಲದಿದ್ದರೆ ಕಾಯಂ.

ನಮ್ಮ ಮನೆಗೆ ಮೊಸರು ತರುತ್ತಿದ್ದವಳು ಗಂಗವ್ವ. ಒಂದೇ ಎಮ್ಮೆ, ಅದರ ಮೇಲೆಯೇ ಸಂಸಾರ. ಒಂದು ಬೆಳಿಗ್ಗೆ ಪೇಟೆಯಲ್ಲಿ ಇಲಾಖೆಯ ಜವಾನನೊಬ್ಬ ಹೊಸ ನಿಯಮದ ಹೆಸರಿನಲ್ಲಿ ಅವಳ ಗಡಿಗೆ ಒಡೆದ. ಮರುದಿನ ಅವಳು ಯಾರದೋ ಹಿತ್ತಾಳೆ ತಪೇಲಿಯಲ್ಲಿ ಮೊಸರು ತಂದಳು. ಒಳಗಿನ ತವರದ ಲೇಪ ಸವೆದು ಅಂಚಿಗೆಲ್ಲ ಹಸಿರು ಕಿಲುಬು.

"ಕಲಾಯಿ ಎಷ್ಟು ದಿನ ನಿಂತೀತ್ರಿ? ಯಾರೂ ತಗೊಳ್ಳವಲ್ರು. ಇದನ್ನ ಬರದವ್ರು ಮೊಸರು ಉಣ್ಣಂಗಿಲ್ಲೇನ್ರಿ, ಸಾಹೇಬ್ರ?"

ನಾಚಿಕೆಯಿಂದ ಸತ್ತೇಹೋದೆ; ಅದನ್ನು ಕನ್ನಡಕ್ಕೆ ತಂದವನು ನಾನೇ ಎಂದು ಒಪ್ಪಿಕೊಂಡೆ. ನೌಕರಿಗೆ ಕುತ್ತು ಬಂದೀತೆಂಬ ಭಯವಿದ್ದರೂ ಅವಳನ್ನು ತಪೇಲಿ ಸಮೇತ ಕರೆದುಕೊಂಡು ನಮ್ಮ ಭಾಗದ ಶಾಸನಸಭಾ ಸದಸ್ಯರ ಮನೆಗೆ ಹೋದೆ. ಅವರು ವಕೀಲರು. ಬೆರಳದ್ದಿ ರುಚಿ ನೋಡಿ ಮುಖ ಕಿವುಚಿದರು.

"ಆ ಕಾಗದ ನಮ್ಮ ಸಭೆಯ ಮೇಜಿನ ಮ್ಯಾಲೇ ಬಿದ್ದೈತ್ರಿ. ಖರೇ ಹೇಳ್ತೇನಿ, ನಾನೂ ಓದಿಲ್ಲ. ಅವಧಿ ಮುಗಿಯಾಕ ಇನ್ನೂ ಎಂಟು ದಿನ ಅದಾವ. ಲಗೂ ಒಂದು ಅರ್ಜಿ ಬರೀರಿ."

ಬರೆದೆ, ಗಂಗವ್ವ ಹೆಬ್ಬೆಟ್ಟು ಒತ್ತಿದಳು. ಅದನ್ನು ಹಿಡಿದು ಅವರು ಮಳೆಗಾಲದ ಅಧಿವೇಶನ ನಡೆಯುತ್ತಿದ್ದ ಪುಣೆಗೆ ರೈಲು ಹತ್ತಿದರು. ದೊಡ್ಡ ನಗರದ ಹಾಲಿನ ನಿಯಮವನ್ನೇ ನಕಲು ಮಾಡಿದ್ದ ಇಲಾಖೆಯವರಿಗೆ, ಲೋಹದ ಪಾತ್ರೆಯಲ್ಲಿ ಮೊಸರು ಕಿಲುಬುಗಟ್ಟುವ ಸಂಗತಿ ಹೊಳೆದೇ ಇರಲಿಲ್ಲವಂತೆ. ಚರ್ಚೆ ಬಹಳ ಬೆಳೆಯಲಿಲ್ಲ, ಮೊಸರನ್ನು ನಿಯಮದಿಂದ ಕೈಬಿಟ್ಟರು.

ತಿದ್ದುಪಡಿಯ ಗೆಜೆಟ್ಟು ಬಂದ ಸಂಜೆ, ಮೋಡದೊಳಗೆ ನಡೆದ ಹಾಗೆ ಅವಳ ಊರಿಗೆ ಹೋದೆ. ಕೊಟ್ಟಿಗೆ ಖಾಲಿ.

"ಎಮ್ಮಿ ಮಾರಿಬಿಟ್ಟೆ ನೋಡ್ರಿ. ಮೊಸರು ಹೋಗದಿದ್ರ ಅದರ ಹೊಟ್ಟಿಗೆ ಏನ್ ಹಾಕ್ಲಿ?" ಎಂದಳು. ಆಮೇಲೆ ನನ್ನ ಮುಖ ನೋಡಿ, "ಇರ್ಲಿ ಬಿಡ್ರಿ. ಉಳಿದವ್ರ ಗಡಿಗಿ ಉಳದ್ವಲ್ಲ, ಛಲೋ ಆತು."

ಅವಳು ನನ್ನನ್ನು ಕ್ಷಮಿಸಿದಳು, ನನ್ನನ್ನು ನಾನೇ ಕ್ಷಮಿಸಿಕೊಳ್ಳುವುದು ನನ್ನಿಂದ ಆಗಲಿಲ್ಲ. ನಿವೃತ್ತಿಯಾಗುವವರೆಗೂ, ಯಾವ ನಿಯಮವೇ ಬರಲಿ, ಅದು ತಟ್ಟುವ ಒಬ್ಬರನ್ನಾದರೂ ಕೇಳದೆ ನಾನು ಲೇಖನಿ ಎತ್ತಲಿಲ್ಲ.